ಹೊಳೆ ಮುಗಿಯುವ ಊರಲ್ಲಿ ಶಿರಾದವರು

ಮಂಗಳೂರಿನ ಬಸ್‌ ನಿಲ್ದಾಣದಲ್ಲಿ ಇಳಿದರೆ ಸಮುದ್ರ ಕಾಣುವುದಿಲ್ಲ. ನಮ್ಮ ಕಡೆಯಿಂದ ಮೊದಲ ಸಲ ಹೋಗುವವರು ಇದನ್ನು ತಿಳಿದಿರಿ. ಊರು ಇರುವುದು ಗುಡ್ಡಗಳ ಮೇಲೆ. ಸಮುದ್ರ ಬೇಕಂದ್ರೆ ಬಂದರಿನ ಕಡೆ ಇಳಿಯುತ್ತಾ ಹೋಗಬೇಕು. ಅಲ್ಲೂ ಮೊದಲು ಸಿಗುವುದು ಹೊಳೆಯೇ.

ನಾವು ಮೂವರು ಧರ್ಮಸ್ಥಳ ಮುಗಿಸಿಕೊಂಡು ಹೋದವರು. ಶಿರಾ, ಮಧುಗಿರಿ ಜನಕ್ಕೆ ನೇತ್ರಾವತಿ ಅಂದರೆ ಧರ್ಮಸ್ಥಳದ ಸ್ನಾನಘಟ್ಟ. ಮುಳುಗು ಹಾಕೋದು, ವಾಪಸ್ ಬಸ್ ಹತ್ತೋದು. ಈ ಸಲ ಹೊಳೆ ಎಲ್ಲಿಗೆ ಹೋಗುತ್ತೋ ಅಲ್ಲಿಗೇ ಹೋಗೋಣ ಅಂದುಕೊಂಡೆವು. ಬಿ.ಸಿ. ರೋಡ್ ದಾಟಿದ ಮೇಲೆ ಎಡಗಡೆ ಕಿಟಕಿಯಲ್ಲಿ ಆಗಾಗ ಹೊಳೆ ಕಾಣುತ್ತೆ. ತುಂಬೆಯ ಕಿಂಡಿ ಅಣೆಕಟ್ಟಿನ ನೀರನ್ನೇ ಮಂಗಳೂರು ಕುಡಿಯುವುದು.

ಜನವರಿಯಲ್ಲೂ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಊಟಕ್ಕೆ ಕುಚಲಕ್ಕಿ ಅನ್ನ, ಬಂಗುಡೆ ಸಾರು. ಮುದ್ದೆ ಕೇಳಿದ್ದಕ್ಕೆ ಹೋಟೆಲ್ ಹುಡುಗ ನಕ್ಕ. ಅಂಗಡಿಗಳಲ್ಲಿ ತುಳು, ಬ್ಯಾರಿ, ಕೊಂಕಣಿ. ನಮ್ಮನ್ನು ಕಂಡ ಕೂಡಲೇ ಕನ್ನಡ.

ಆದರೆ ಈ ಊರು ನಮಗೆ ಪೂರ್ತಿ ಹೊಸದಲ್ಲ. ನಮ್ಮ ಹಳೇ ಶಾಲೆಗಳ ಸೂರಿನ ಮೇಲೆ ಇದ್ದದ್ದು ಮಂಗಳೂರು ಹೆಂಚೇ ತಾನೆ? 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ನೇತ್ರಾವತಿ ದಡದಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಹೊಳೆ ದಂಡೆಯ ಜೇಡಿಮಣ್ಣು ಹೆಂಚಾಗಿ ನಮ್ಮ ಬಯಲುಸೀಮೆಗೂ ಬಂತು.

ಮಣ್ಣು ಬಂತು, ನೀರು ಬರುವುದು ಬಾಕಿ. ಸಕಲೇಶಪುರ ತಾಲ್ಲೂಕಿನ ಎತ್ತಿನಹೊಳೆ ಕುಮಾರಧಾರೆಗೆ ಸೇರುತ್ತೆ, ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ. ಅಲ್ಲಿಂದ 24.01 ಟಿಎಂಸಿ ನೀರನ್ನು ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ತುಮಕೂರು ಜಿಲ್ಲೆಗಳ ಕಡೆ ತಿರುಗಿಸುವುದು ಯೋಜನೆ. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತದ ಪಂಪುಗಳಿಗೆ ಚಾಲನೆ ಸಿಕ್ಕಿತು. ಕೊರಟಗೆರೆ ಕಡೆಯವರು ಇನ್ನೂ ಕಾಯುತ್ತಿದ್ದಾರೆ. ನಮ್ಮ ಕಡೆ ಸಭೆಗಳಲ್ಲಿ ಎಲ್ಲರ ಬಾಯಲ್ಲೂ ಒಂದು ಮಾತು: 'ಸುಮ್ಮನೆ ಸಮುದ್ರ ಸೇರೋ ನೀರು.'

ಸೇರುವ ಜಾಗ ಅಳಿವೆ. ಅತ್ತ ನೇತ್ರಾವತಿ, ಇತ್ತ ಫಲ್ಗುಣಿ, ಎರಡೂ ಅಲ್ಲಿ ಒಂದಾಗಿ ಕಡಲಿಗೆ ಬೀಳುತ್ತವೆ. ಬಂದರಿನಿಂದ ಬೆಂಗ್ರೆಗೆ ದೋಣಿ ಹತ್ತಿದೆವು. ಬೆಂಗ್ರೆ ಅಂದರೆ ಹೊಳೆಗೂ ಕಡಲಿಗೂ ನಡುವಿನ ಮರಳಿನ ಪಟ್ಟಿ, ಅದರ ಮೇಲೆ ಮೀನುಗಾರರ ಮನೆಗಳು. ದೋಣಿಯಲ್ಲಿ ಮೀನು ವಾಸನೆ, ಡೀಸೆಲ್ ವಾಸನೆ, ಶಾಲೆ ಮಕ್ಕಳು, ಬೈಕುಗಳು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಯಾವೂರು ಅಂತ ಕೇಳಿದರು. ಹೇಳಿದೆವು.

"ಓ, ನಮ್ಮ ಹೊಳೆ ತಿರುಗಿಸುವುದು ನಿಮ್ಮ ಕಡೆಗಲ್ವಾ?"

"ಸಮುದ್ರಕ್ಕೆ ಹೋಗೋ ನೀರಲ್ವಾ ಯಜಮಾನ್ರೇ" ಅಂದ ನಮ್ಮ ಜೊತೆಯವನು.

ಅವರಿಗೆ ಸಿಟ್ಟು ಬರಲಿಲ್ಲ. "ಸುಮ್ಮನೆ ಹೋಗುದಲ್ಲ ಮಾರಾಯ್ರೇ. ಹೊಳೆಗೆ ಜೋರು ಇಲ್ಲದಿದ್ರೆ ಉಪ್ಪು ನೀರು ಮೇಲೆ ಬರ್ತದೆ. ಬಾವಿ ನೀರು ಬಾಯಿಗೆ ಹಾಕ್ಲಿಕ್ಕೆ ಆಗುದಿಲ್ಲ. ಮೀನಿಗೂ ಹೊಳೆ ನೀರು ಬೇಕು."

ಅದು ನಿಜ. ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಈ ಊರಲ್ಲೇ 2019ರ ಮೇ ತಿಂಗಳಲ್ಲಿ ತುಂಬೆ ಖಾಲಿಯಾಗುತ್ತಾ ಬಂದು, ನಲ್ಲಿ ನೀರನ್ನು ಕಡಿತ ಮಾಡಿ ಕೊಡುವಂತಾಗಿತ್ತು. ನಮ್ಮಲ್ಲಿ 600 ಮಿಲಿಮೀಟರ್ ದಾಟಿದರೆ ಒಳ್ಳೇ ವರ್ಷ. ಯೋಜನೆ ಎತ್ತುವುದು ಮಳೆಗಾಲದ ನೀರು ಮಾತ್ರ ಅಂತ ಸರ್ಕಾರ ಹೇಳುತ್ತೆ. ಈ ದೋಣಿಯಲ್ಲಿ ಕೂತವರಿಗೆ ಆ ಮಾತಿನ ಮೇಲೆ ನಂಬಿಕೆ ಇಲ್ಲ. ನಮ್ಮೂರಿನವರಿಗೆ ನೀರು ಬರುತ್ತೆ ಅನ್ನುವ ಮಾತಿನ ಮೇಲೂ ಅಷ್ಟೇ.

"ನಿಮ್ಮಲ್ಲಿ ಬಾವಿ ಎಷ್ಟು ಆಳ?" ಅಂತ ಕೇಳಿದರು.

"ಬಾವಿಗಳು ಬತ್ತಿ ಹೋದವು. ಬೋರು. ಸಾವಿರ ಅಡಿ."

ಅವರು ಒಮ್ಮೆ ಹೊಳೆ ನೋಡಿದರು, ಒಮ್ಮೆ ನಮ್ಮನ್ನು ನೋಡಿದರು. "ಅಷ್ಟು ಕೊರೆದ ಮೇಲೂ ನೀರು ಸಿಗದಿದ್ರೆ ಎಂತ ಮಾಡ್ತೀರಿ?"

"ಸಾಲ ಮಾಡಿ ಇನ್ನೊಂದು ಕೊರೆಸ್ತೀವಿ."

ದೋಣಿ ದಡ ಮುಟ್ಟಿತು. ಅಳಿವೆ ಕಡೆ ಹೋಗುವ ದಾರಿ ತೋರಿಸಿ, ಬಿಸಿಲಿದೆ, ಮೊದಲು ನಮ್ಮ ಮನೆಯಲ್ಲಿ ಒಂದು ಲೋಟ ನೀರು ಕುಡಿದು ಹೋಗಿ ಅಂದರು.