ಎಂಜಿನ್ನಿನ ತಿದಿ

ನಮ್ಮ ಮೆಕ್ಯಾನಿಕಲ್ ಹುಡುಗರಿಗೆ ಇನ್‌ಲೈನ್ ಸಿಕ್ಸ್ ಎಂಜಿನ್ ಅಂದರೆ ಒಂಥರಾ ಭಕ್ತಿ. ಆರು ಸಿಲಿಂಡರ್ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಕ್ರ್ಯಾಂಕ್ 120 ಡಿಗ್ರಿ ತಿರುಗಿದಾಗಲೆಲ್ಲ ಒಂದು ಸಿಲಿಂಡರ್ ಉರಿಯುತ್ತದೆ. ಮುಂದಿನ ಮೂರು ಪಿಸ್ಟನ್, ಹಿಂದಿನ ಮೂರು ಪಿಸ್ಟನ್ ಕನ್ನಡಿ ಬಿಂಬದ ಹಾಗೆ ಚಲಿಸುವುದರಿಂದ ಪ್ರೈಮರಿ, ಸೆಕೆಂಡರಿ ಬಲಗಳೂ ಮೊಮೆಂಟ್‌ಗಳೂ ತಾವಾಗೇ ಕಳೆದುಹೋಗುತ್ತವೆ. ಬ್ಯಾಲೆನ್ಸಿಂಗ್ ಲೆಕ್ಕದಲ್ಲಿ ಕೊನೆಗೆ ಸೊನ್ನೆ ಬಂದಾಗ ಆಗುವ ಖುಷಿ ನಿಮಗೂ ಗೊತ್ತಿರುತ್ತೆ. ಆದರೆ ಹಾಸ್ಟೆಲ್ ಮಾತು ಅಲ್ಲಿಗೆ ನಿಲ್ಲಲ್ಲ. "ಇದಕ್ಕೊಂದು ಸೂಪರ್‌ಚಾರ್ಜರ್ ಕೂರಿಸಿದ್ರೆ ಎಷ್ಟು ಹಾರ್ಸ್‌ಪವರ್ ಬರುತ್ತೆ ಮಗಾ?" ಅನ್ನೋದು ರಾತ್ರಿ ಹನ್ನೊಂದರ ಮೇಲಿನ ಖಾಯಂ ಪ್ರಶ್ನೆ.

ಈ ಪ್ರಶ್ನೆಯನ್ನು ಎಲ್ಲರಿಗಿಂತ ಚೆನ್ನಾಗಿ ಕೇಳಿದವರು ನಮ್ಮಪ್ಪ. ಅವರು ಲಾರಿ ಡ್ರೈವರ್. ಮಂಗಳೂರಿನಿಂದ ಲೋಡ್ ತುಂಬಿಕೊಂಡು ಶಿರಾಡಿ ಘಾಟಿ ಹತ್ತಿ ಹಾಸನದ ಕಡೆ ಬರುವುದು ಅವರ ಲೈನ್. ಮೊದಲು ಓಡಿಸುತ್ತಿದ್ದದ್ದು ಟರ್ಬೊ ಇಲ್ಲದ ಆರು ಸಿಲಿಂಡರ್ ಡೀಸೆಲ್ ಗಾಡಿ, ಈಗಿನದಕ್ಕೆ ಟರ್ಬೊ ಇದೆ. ದಸರಾ ರಜೆಯಲ್ಲಿ ಮನೆಗೆ ಹೋದಾಗ ಕೇಳಿದರು: "ಅಲ್ಲ ಕಣೋ, ಉರಿಯೋದು ಡೀಸೆಲ್ ತಾನೆ? ಗಾಳಿ ಊದಿದ್ರೆ ಶಕ್ತಿ ಹೆಂಗೆ ಬರುತ್ತೆ?"

ಥರ್ಮೊಡೈನಮಿಕ್ಸ್‌ನಲ್ಲಿ ನನಗೆ ಒಳ್ಳೇ ಮಾರ್ಕ್ಸೇ ಬಂದಿತ್ತು. ಆದರೆ ಅಪ್ಪನಿಗೆ ವಾಲ್ಯೂಮೆಟ್ರಿಕ್ ಎಫಿಶಿಯೆನ್ಸಿ ಅಂದರೆ ಏನುಪಯೋಗ? ಸ್ವಲ್ಪ ಯೋಚಿಸಿ, "ಕುಲುಮೆ ತಿದಿ ಇದ್ದಂಗೆ ಅಪ್ಪ" ಅಂದೆ. ಕುಲುಮೆಗೆ ಬರೀ ಇದ್ದಿಲು ಸುರಿದರೆ ಕಬ್ಬಿಣ ಕೆಂಪಾಗಲ್ಲ, ತಿದಿ ಒತ್ತಲೇಬೇಕು. ಎಂಜಿನ್ನಿಗೂ ಅಷ್ಟೆ. ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು 14.7 ಕೆಜಿ ಗಾಳಿ ಬೇಕು. ಇಂಧನ ಜಾಸ್ತಿ ಸುರಿಯೋದು ಸುಲಭ, ಅದಕ್ಕೆ ತಕ್ಕ ಗಾಳಿ ತುಂಬೋದೇ ಕಷ್ಟ. ಘಾಟಿ ಹತ್ತಿ ಸಕಲೇಶಪುರದ ಎತ್ತರಕ್ಕೆ ಬರುವಷ್ಟರಲ್ಲಿ ಗಾಳಿಯ ಒತ್ತಡ ಕಡಲತೀರಕ್ಕಿಂತ ಸುಮಾರು 10% ಕಡಿಮೆ ಆಗಿರುತ್ತದೆ. ಹಳೇ ಗಾಡಿ ಅಲ್ಲಿ ಏದುಸಿರು ಬಿಡುತ್ತಿದ್ದದ್ದಕ್ಕೆ ಏರಿನ ಜೊತೆ ಇದೂ ಒಂದು ಕಾರಣ.

ಈ ಹೋಲಿಕೆ ನನ್ನ ಕಲ್ಪನೆ ಮಾತ್ರ ಅಲ್ಲ. ರೂಟ್ಸ್ ಬ್ಲೋವರ್ 19ನೇ ಶತಮಾನದಲ್ಲಿ ಅಮೆರಿಕದಲ್ಲಿ ಹುಟ್ಟಿ ಕುಲುಮೆಗಳಿಗೆ ಗಾಳಿ ಊದುತ್ತಿತ್ತು. ಕಾರಿನ ಎಂಜಿನ್ ಮೇಲೆ ಬಂದು ಕೂತದ್ದು ಆಮೇಲೆ.

ಅಪ್ಪ ಬಿಡಲಿಲ್ಲ. "ಸರಿ, ಆ ತಿದಿ ಒತ್ತೋರು ಯಾರು?"

ಟರ್ಬೊಗೂ ಸೂಪರ್‌ಚಾರ್ಜರ್‌ಗೂ ಇರುವ ವ್ಯತ್ಯಾಸ ಪೂರ್ತಿ ಈ ಒಂದು ಪ್ರಶ್ನೆಯಲ್ಲಿದೆ. ಟರ್ಬೊ ತಿದಿಯನ್ನು ಒತ್ತುವುದು ಹೊರಗೆ ಹೋಗುವ ಬಿಸಿ ಹೊಗೆ. ಸೂಪರ್‌ಚಾರ್ಜರ್‌ನದ್ದನ್ನು ಒತ್ತುವುದು ಎಂಜಿನ್ನೇ, ಕ್ರ್ಯಾಂಕ್‌ನಿಂದ ಬೆಲ್ಟ್ ಅಥವಾ ಗಿಯರ್ ಮೂಲಕ. ಆಕ್ಸಿಲರೇಟರ್ ತುಳಿದ ಕೂಡಲೇ ಗಾಳಿ ಸಿಗುತ್ತದೆ ನಿಜ, ಆದರೆ ಒತ್ತುವ ಕೂಲಿಯನ್ನು ಎಂಜಿನ್ ತನ್ನ ಜೇಬಿನಿಂದಲೇ ಕೊಡಬೇಕು.

ಹಾಸ್ಟೆಲ್‌ಗೆ ಬಂದ ಮೇಲೆ ಆ ಕೂಲಿ ಎಷ್ಟು ಅಂತ ಲೆಕ್ಕ ಹಾಕಲು ಕೂತೆ. 3 ಲೀಟರಿನ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್, ಹೊರಗಿನ ಗಾಳಿ 27 ಡಿಗ್ರಿ, ಬೂಸ್ಟ್ 7 ಪಿಎಸ್‌ಐ. ಒತ್ತಡ 1.48 ಪಟ್ಟು ಆಯ್ತು. ಹಾಗಾದರೆ ಪವರ್ ಕೂಡ 48% ಜಾಸ್ತಿ ಅಂತ ಹಾಸ್ಟೆಲ್ ಲೆಕ್ಕ. ಆದರೆ ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದಲ್ಲ. ಬ್ಲೋವರ್ ಎಫಿಶಿಯೆನ್ಸಿ 65% ಅಂತ ಹಿಡಿದರೆ ಹೊರಬರುವ ಗಾಳಿ ಸುಮಾರು 82 ಡಿಗ್ರಿ. ಬಿಸಿ ಗಾಳಿ ತೆಳು, ಹಾಗಾಗಿ ಸಾಂದ್ರತೆ ಏರಿದ್ದು 1.25 ಪಟ್ಟು ಮಾತ್ರ. ಒತ್ತಿದ್ದರಲ್ಲಿ ಅರ್ಧ ಲಾಭ ಬಿಸಿಗೇ ಹೋಯ್ತು! ನಡುವೆ ಇಂಟರ್‌ಕೂಲರ್ ಇಟ್ಟು 45 ಡಿಗ್ರಿಗೆ ಇಳಿಸಿದರೆ 1.4 ಪಟ್ಟು ಸಿಗುತ್ತದೆ. ಇನ್ನು 6000 ಆರ್‌ಪಿಎಂನಲ್ಲಿ ಬ್ಲೋವರ್ ತಿರುಗಿಸಲಿಕ್ಕೆ ಸುಮಾರು 15 ಹಾರ್ಸ್‌ಪವರ್ ಬೇಕು. ಅದನ್ನೂ ಬಂದದ್ದರಲ್ಲಿ ಕಳೆಯಬೇಕು.

ಕಾರ್ ಕಂಪನಿಗಳಿಗೆ ಈ ಲೆಕ್ಕ ನೂರು ವರ್ಷದ ಹಿಂದೆಯೇ ಗೊತ್ತಿತ್ತು. ಜರ್ಮನಿಯಲ್ಲಿ 1924ರಲ್ಲಿ ಬಂದ ಮರ್ಸಿಡಿಸ್ ಕಾರಿನ ಹೆಸರೇ 24/100/140. ಮೊದಲನೆಯದು ತೆರಿಗೆ ಲೆಕ್ಕದ ಹಾರ್ಸ್‌ಪವರ್, ಎರಡನೆಯದು ಸೂಪರ್‌ಚಾರ್ಜರ್ ಇಲ್ಲದೆ, ಮೂರನೆಯದು ಸೂಪರ್‌ಚಾರ್ಜರ್ ಜೊತೆ. ಆರು ಸಿಲಿಂಡರ್, ಒಂದೇ ಸಾಲು. ಆಮೇಲೆ ಬಂದ 7 ಲೀಟರಿನ ಎಸ್‌ಎಸ್‌ಕೆಯಲ್ಲಿ 170 ಇದ್ದದ್ದು 225 ಆಗುತ್ತಿತ್ತು. ಅದರಲ್ಲಿ ಬ್ಲೋವರ್ ಯಾವಾಗಲೂ ತಿರುಗುತ್ತಿರಲಿಲ್ಲ. ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಕ್ಲಚ್ ಹಿಡಿದು, ಕಿರುಚುತ್ತಾ ಶುರುವಾಗುತ್ತಿತ್ತು. ಅದನ್ನೂ ಸ್ವಲ್ಪ ಹೊತ್ತು ಮಾತ್ರ ಬಳಸಬೇಕಿತ್ತು. ಇದರದೇ ಹಗುರ ರೂಪವಾದ ಎಸ್‌ಎಸ್‌ಕೆಎಲ್‌ನಲ್ಲಿ ರುಡಾಲ್ಫ್ ಕರಾಚ್ಚಿಯೋಲ 1931ರ ಮಿಲ್ಲೆ ಮಿಲ್ಯಾ ರೇಸ್ ಗೆದ್ದ.

ಯಾಕೆ ಸ್ವಲ್ಪ ಹೊತ್ತು ಮಾತ್ರ? ಅಪ್ಪನ ಮೂರನೇ ಪ್ರಶ್ನೆ ಅದೇ ಆಗಿತ್ತು: "ತಿದಿ ಜೋರಾಗಿ ಒತ್ತುತ್ತಾ ಇದ್ರೆ ಕುಲುಮೆ ಒಡೆಯಲ್ವಾ?" ಒಡೆಯುತ್ತೆ. ಪೆಟ್ರೋಲ್ ಎಂಜಿನ್ನಿನಲ್ಲಿ ಒತ್ತಡ, ಬಿಸಿ ಎರಡೂ ಮಿತಿ ಮೀರಿದರೆ ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿದ್ದ ಮಿಶ್ರಣ ತಾನೇ ಹೊತ್ತಿಕೊಳ್ಳುತ್ತದೆ. ಅದೇ ನಾಕಿಂಗ್. ಪಿಸ್ಟನ್ ತೂತು ಬೀಳಬಹುದು, ಹೆಡ್ ಗ್ಯಾಸ್ಕೆಟ್ ಹಾರಬಹುದು. ನಾವು ಪೂಜೆ ಮಾಡುವ ಸುಪ್ರಾದ 2ಜೆಝಡ್ ನೋಡಿ. ಟರ್ಬೊ ಇಲ್ಲದ ಜಿಇ ಎಂಜಿನ್ನಿನ ಕಂಪ್ರೆಷನ್ ರೇಶಿಯೊ 10, ಟರ್ಬೊ ಇರುವ ಜಿಟಿಇಯದ್ದು 8.5. ಗಾಳಿ ಊದುವ ಮೊದಲೇ ಒಳಗೆ ಜಾಗ ಮಾಡಿಟ್ಟಿದ್ದಾರೆ. ಡೀಸೆಲ್ ಎಂಜಿನ್ ಒತ್ತುವುದು ಬರೀ ಗಾಳಿಯನ್ನು, ಹಾಗಾಗಿ ಅದಕ್ಕೆ ಈ ಭಯ ಇಲ್ಲ. ಅಪ್ಪನ ಲಾರಿಗೆ ಟರ್ಬೊ ಒಗ್ಗುವುದು ಅದಕ್ಕೇ.

ಈಗ ನಮ್ಮ ಬ್ಯಾಚಿನಲ್ಲಿ ಹೆಚ್ಚಿನವರು ಸಾಫ್ಟ್‌ವೇರ್ ಇಂಟರ್‌ವ್ಯೂಗೆ ಕೋಡಿಂಗ್ ಕಲೀತಿದಾರೆ. ನಾನೂ ಕಲೀತಿದೀನಿ, ಮನೆ ನಡೀಬೇಕಲ್ಲ. "ಇವಿ ಕಾಲದಲ್ಲಿ ಇನ್ನೂ ಎಂಜಿನ್ ಓದ್ತೀಯಲ್ಲೋ" ಅಂತ ಗೆಳೆಯರು ರೇಗಿಸುತ್ತಾರೆ. ಆದರೆ ಆವತ್ತು ಅಪ್ಪನಿಗೆ ಅರ್ಥ ಮಾಡಿಸಲು ಹೋಗಿಯೇ ಫಾರ್ಮುಲಾದ ಪ್ರತಿಯೊಂದು ಅಕ್ಷರ ಏನು ಹೇಳ್ತಿದೆ ಅಂತ ನನಗೆ ಕಂಡದ್ದು. ಅಪ್ಪ ಘಾಟಿಯಲ್ಲಿ ಇಪ್ಪತ್ತು ವರ್ಷ ಕಿವಿಯಿಂದ ಕಲಿತದ್ದು, ನಾನು ಮೂರು ವರ್ಷ ಪುಸ್ತಕದಿಂದ ಕಲಿತದ್ದು ಒಂದೇ ವಿಷಯ ಅನ್ನೋದೂ ಆಗಲೇ ಗೊತ್ತಾಯ್ತು. ನಿಮ್ಮ ಮನೆಯಲ್ಲೂ ಪಂಪ್‌ಸೆಟ್ಟೋ, ಟಿಲ್ಲರ್ರೋ, ಅಕ್ಕಿ ಗಿರಣಿಯೋ ನಡೆಸುವವರು ಇದ್ದರೆ ಮುಂದಿನ ರಜೆಯಲ್ಲಿ ಒಮ್ಮೆ ಮಾತಿಗೆ ಕೂತು ನೋಡಿ.

ಮೊನ್ನೆ ಫೋನ್ ಮಾಡಿದಾಗ ಅಪ್ಪ ಹೊಸದು ಕೇಳಿದರು: "ಕರೆಂಟ್ ಲಾರಿ ಬಂದ್ರೆ ನಿನ್ನ ತಿದಿ ಎಲ್ಲೋಗುತ್ತೆ?" ಬ್ಯಾಟರಿ ಗಾಡಿಗೆ ತಿದಿ ಬೇಡ ಅಂದೆ. ಆದರೆ ಹೈಡ್ರೋಜನ್ ಫ್ಯುಯೆಲ್ ಸೆಲ್ ಗಾಡಿಗೆ ಗಾಳಿ ಒತ್ತಿ ಕೊಡುವ ಕಂಪ್ರೆಸರ್ ಬೇಕು, ಅದನ್ನು ತಿರುಗಿಸುವ ಖರ್ಚೂ ಅದೇ ಗಾಡಿಯದ್ದು. ಆ ಲೆಕ್ಕ ಈಗ ಶುರು ಮಾಡಿದೀನಿ.