1366ರ ಕೋಟೆಗೆ ಲಗ್ಗೆ

ಮೊದಲ ಎದುರಾಳಿ ಅಡಗಿ ಕೂತಿದ್ದದ್ದು ಮೆಮೊರಿಯ ಸಿ0000 ಎಂಬ ವಿಳಾಸದಲ್ಲಿ. 2005ರ ಆಸುಪಾಸು. ಅಗಲ ಪರದೆಯ ಲ್ಯಾಪ್‌ಟಾಪ್‌ಗಳು ಅಂಗಡಿಗಳಿಗೆ ನುಗ್ಗಿದ್ದ ಹೊತ್ತು. ಅಗಲಕ್ಕೆ 1280 ಪಿಕ್ಸೆಲ್, ಎತ್ತರಕ್ಕೆ 800. ಜನ ಆಸೆಯಿಂದ ಕೊಂಡರು, ಲಿನಕ್ಸ್ ಹಾಕಿದರು, ಬಟನ್ ಒತ್ತಿದರು, ಕಾದರು. ಪರದೆ ಬೆಳಗಿತು. ಬಂದದ್ದು 1024×768!

ಅಕ್ಷರಗಳು ಅಡ್ಡಕ್ಕೆ ಹಿಗ್ಗಿದವು. ವೃತ್ತಗಳು ಮೊಟ್ಟೆಯಾದವು. ಎಲ್‌ಸಿಡಿ ಪರದೆಗೆ ಹುಟ್ಟಿನಿಂದ ಬಂದ ರೆಸಲ್ಯೂಷನ್ ಒಂದೇ ಒಂದು. ಬೇರೆಯದನ್ನು ತುರುಕಿದರೆ ಒಂದು ಪಿಕ್ಸೆಲ್‌ನ ಬಣ್ಣವನ್ನು ಒಂದೂಕಾಲು ಪಿಕ್ಸೆಲ್‌ಗೆ ಬಳಿಯಬೇಕು. ಕಾಲು ಭಾಗ ಪಕ್ಕಕ್ಕೆ ಸೋರುತ್ತದೆ. ಇಂಗ್ಲಿಷ್ ಅಕ್ಷರ ಹೇಗೋ ತಾಳಿಕೊಂಡೀತು. ಕನ್ನಡದ ಒತ್ತಕ್ಷರ ತಾಳದು. 'ರಾಷ್ಟ್ರ'ದ ಬುಡ ಕಲೆಸಿಹೋಗುತ್ತದೆ, 'ಲಕ್ಷ್ಮಿ'ಯ ಕೆಳಗೆ ಬರೀ ಮಸಿ ಕಾಣುತ್ತದೆ. ಓದುವ ಭಾಷೆಯೇ ಕೈಬಿಟ್ಟು ಹೋಗುವಾಗ ಇದನ್ನು ಅಂದಚಂದದ ಸಣ್ಣ ವಿಷಯ ಎನ್ನಲು ನಾನು ಒಪ್ಪುವುದಿಲ್ಲ.

ತೊಡಕು ಎಲ್ಲಿತ್ತು? ಆ ಕಾಲದ ಇಂಟೆಲ್ ಡ್ರೈವರ್ ಚಿಪ್‌ಗೆ ನೇರವಾಗಿ ಆಜ್ಞೆ ಕೊಡುತ್ತಿರಲಿಲ್ಲ. ವಿಡಿಯೊ ಬಯಾಸ್‌ನ ಪಟ್ಟಿ ತೆರೆಯುತ್ತಿತ್ತು, ಅಲ್ಲಿದ್ದ ಅಳತೆಯನ್ನೇ ಎತ್ತಿಕೊಳ್ಳುತ್ತಿತ್ತು. ಎಷ್ಟೋ ಲ್ಯಾಪ್‌ಟಾಪ್‌ಗಳ ಪಟ್ಟಿಯಲ್ಲಿ 1280×800 ಇರಲೇ ಇಲ್ಲ. ಪಟ್ಟಿ ತಿದ್ದಬೇಕು. ಆದರೆ ಪಟ್ಟಿ ಇರುವುದು ಬಯಾಸ್ ಚಿಪ್‌ನಲ್ಲಿ. ಅಲ್ಲಿ ಒಂದು ಬೈಟ್ ತಪ್ಪು ಬರೆದರೂ ಲ್ಯಾಪ್‌ಟಾಪ್ ಮತ್ತೆ ಏಳದೇ ಹೋಗಬಹುದು.

ಆಗ ನುಗ್ಗಿತು 915ರೆಸಲ್ಯೂಷನ್. ಪುಟಾಣಿ ಪ್ರೋಗ್ರಾಂ, ಗುಂಡಿಗೆ ದೊಡ್ಡದು. ಅದು ಅಸಲಿ ಚಿಪ್ಪನ್ನು ಮುಟ್ಟಲಿಲ್ಲ. ಬೂಟ್ ಆಗುವಾಗ ಬಯಾಸ್‌ನ ನಕಲು ರ್ಯಾಮ್‌ನ ಆ ಸಿ0000 ವಿಳಾಸದಲ್ಲಿ ಕೂರುತ್ತದಲ್ಲ, ಅದಕ್ಕೆ ಗುರಿಯಿಟ್ಟಿತು. ನಕಲಿಗೂ ಬೀಗವಿತ್ತು. ಚಿಪ್‌ಸೆಟ್‌ನ ರಿಜಿಸ್ಟರ್ ತಿರುವಿ ಬೀಗ ತೆಗೆಯಿತು, 5ಸಿ ಎಂಬ ಮೋಡ್‌ನ ಹಳೆಯ ಅಳತೆ ಅಳಿಸಿತು, 1280, 800 ಬರೆಯಿತು, ಬೀಗ ಹಾಕಿತು, ಹೊರಬಿತ್ತು. ಆಮೇಲೆ ಡ್ರೈವರ್ ಎದ್ದು ಪಟ್ಟಿ ನೋಡಿದರೆ, ಅಗೋ ಹೊಸ ಅಳತೆ! ಪರದೆ ತುಂಬಿ ಹರಿಯಿತು. ಆದರೆ ರ್ಯಾಮ್‌ನ ಬರಹ ರೀಬೂಟ್‌ಗೆ ಉಳಿಯುವುದಿಲ್ಲ. ಪ್ರತಿ ಸಲ ಲ್ಯಾಪ್‌ಟಾಪ್ ಹಚ್ಚಿದಾಗಲೂ ಮತ್ತದೇ ಕನ್ನ, ಮತ್ತದೇ ಓಟ.

2007ರಲ್ಲಿ ಇಂಟೆಲ್ ಡ್ರೈವರ್ ಬಯಾಸ್‌ನ ಹಂಗು ಹರಿದುಕೊಂಡಿತು. 2009ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 2.6.29ರಲ್ಲಿ ಜೆಸ್ಸಿ ಬಾರ್ನ್ಸ್, ಡೇವ್ ಏರ್ಲಿ ಮುಂತಾದವರ ದುಡಿಮೆ ಫಲಿಸಿತು. ಪರದೆಯ ಅಳತೆ ಕೂರಿಸುವ ಕೆಲಸ ಕರ್ನಲ್‌ನ ಕೈಗೇ ಬಂತು. ಅದರ ಹೆಸರು ಕರ್ನಲ್ ಮೋಡ್ ಸೆಟ್ಟಿಂಗ್. ಗೆದ್ದೆವು ಅಂದುಕೊಂಡರು. ಅಷ್ಟರಲ್ಲಾಗಲೇ ಜಿಎಂಎ 500 ಎಂಬ ಗ್ರಾಫಿಕ್ಸ್ ಚಿಪ್ ಬಂದಿತ್ತು.

ಹೆಸರು ಇಂಟೆಲ್‌ನದು, ಒಳಗಿನ ಗ್ರಾಫಿಕ್ಸ್ ತಿರುಳು ಇಮ್ಯಾಜಿನೇಷನ್ ಟೆಕ್ನಾಲಜೀಸ್‌ನ ಪವರ್‌ವಿಆರ್. ಇಂಟೆಲ್‌ನ ತೆರೆದ ಡ್ರೈವರ್ ಅದನ್ನು ಗುರುತಿಸಲೇ ಇಲ್ಲ. ಚಿಕ್ಕ ನೆಟ್‌ಬುಕ್‌ಗಳು ಮಸುಕು ಪರದೆ ಹೊತ್ತು ಒದ್ದಾಡಿದವು. 2011ರಲ್ಲಿ ಅಲನ್ ಕಾಕ್ಸ್ ಕೈಹಾಕಿದರು. 3ಡಿ ಬಿಟ್ಟರು, ವೇಗ ಬಿಟ್ಟರು, ಸರಿಯಾದ ರೆಸಲ್ಯೂಷನ್ ಒಂದನ್ನೇ ಹಿಡಿದರು, ಕರ್ನಲ್‌ಗೆ ಸೇರಿಸಿದರು. ಯಾವುದನ್ನು ಉಳಿಸಬೇಕು, ಯಾವುದನ್ನು ಕೈಬಿಡಬೇಕು ಎಂದು ಅರಿತ ಆ ತೀರ್ಮಾನಕ್ಕೆ ನನ್ನ ನಮಸ್ಕಾರ.

ಇನ್ನೊಂದು ದಿಕ್ಕಿನಲ್ಲಿ ಬೆಂಕಿ ಹೊತ್ತಿತ್ತು. 2010ರಲ್ಲಿ ಎನ್‌ವಿಡಿಯಾ 'ಆಪ್ಟಿಮಸ್' ತಂದಿತು. ಒಂದೇ ಲ್ಯಾಪ್‌ಟಾಪ್‌ನಲ್ಲಿ ಎರಡು ಗ್ರಾಫಿಕ್ಸ್ ಚಿಪ್. ಬ್ಯಾಟರಿ ಉಳಿಸಲು ಇಂಟೆಲ್, ಭಾರ ಹೊರಲು ಎನ್‌ವಿಡಿಯಾ. ಆದರೆ ಪರದೆಗೆ ಹೋಗುವ ತಂತಿ ಇಂಟೆಲ್‌ಗೆ ಮಾತ್ರ! ಎನ್‌ವಿಡಿಯಾ ಬಿಡಿಸಿದ ಪ್ರತಿ ಚಿತ್ರವೂ ಇಂಟೆಲ್‌ನ ಮೆಮೊರಿಗೆ ದಾಟಿ, ಅಲ್ಲಿಂದ ಪರದೆ ಮುಟ್ಟಬೇಕು. ಲಿನಕ್ಸ್‌ನಲ್ಲಿ ಆ ದಾಟುದಾರಿಯೇ ಇರಲಿಲ್ಲ. ಎನ್‌ವಿಡಿಯಾ ಡ್ರೈವರ್ ಹಾಕಿದವರು ರೀಬೂಟ್ ಮಾಡಿದರು. ಪರದೆ ಕಪ್ಪಾಯಿತು.

2011ರಲ್ಲಿ ಬಂಬಲ್‌ಬೀ ಎಂಬ ಸ್ವಯಂಸೇವಕರ ಯೋಜನೆ ಅಡ್ಡದಾರಿ ಕೊರೆಯಿತು. ಕಣ್ಣಿಗೆ ಕಾಣದ ಎರಡನೇ ಎಕ್ಸ್ ಸರ್ವರ್ ಎಬ್ಬಿಸಿತು, 8ನೇ ನಂಬರಿನ ಡಿಸ್‌ಪ್ಲೇಯಲ್ಲಿ ಚಿತ್ರ ಬಿಡಿಸಿತು, ಪ್ರತಿ ಫ್ರೇಮನ್ನೂ ಎತ್ತಿ ಮುಂದಿನ ಪರದೆಗೆ ಎಸೆಯಿತು. ಕೆಲಸ ಮಾಡಿತು! ಆದರೆ ಅದನ್ನು ಹಾಕುವ ಸ್ಕ್ರಿಪ್ಟ್‌ನಲ್ಲಿ, ಹಳೆಯ ಫೋಲ್ಡರ್ ಅಳಿಸುವ ಸಾಲಿನಲ್ಲಿ, 'ಯುಎಸ್‌ಆರ್' ಎಂಬುದರ ಬೆನ್ನಿಗೇ ಒಂದು ಖಾಲಿ ಜಾಗ ನುಸುಳಿತ್ತು. ಒಂದೇ ಒಂದು ಸ್ಪೇಸ್. ಕಂಪ್ಯೂಟರ್ ಒಂದು ಫೋಲ್ಡರ್‌ನ ವಿಳಾಸವನ್ನು ಎರಡು ಬೇರೆ ವಿಳಾಸಗಳಾಗಿ ಓದಿತು. ಯುಎಸ್‌ಆರ್ ಫೋಲ್ಡರ್ ಇಡಿಯಾಗಿ ಹೋಯಿತು. ಅಂದರೆ ಪ್ರೋಗ್ರಾಂಗಳ ಬಹುಪಾಲು, ಲೈಬ್ರರಿಗಳು, ಎಲ್ಲ. ಎಡವಟ್ಟು ತಿಳಿಯುತ್ತಲೇ ತಿದ್ದಿದರು, ಬಹಿರಂಗವಾಗಿ ಕ್ಷಮೆ ಕೇಳಿದರು, ಮತ್ತೆ ಕೋಡ್‌ಗೆ ಕೂತರು. ಯಾರೂ ಓಡಿಹೋಗಲಿಲ್ಲ.

ಇತ್ತ ಎನ್‌ವಿಡಿಯಾ ಚಿಪ್‌ಗೆ ತೆರೆದ ಡ್ರೈವರ್ ಕಟ್ಟಲು ಹೊರಟ ನೂವೋ ತಂಡ ಬೇರೆಯೇ ಬೇಟೆಯಲ್ಲಿತ್ತು. ಎನ್‌ವಿಡಿಯಾ ಚಿಪ್‌ನ ಒಳಗುಟ್ಟನ್ನು ಬಿಟ್ಟುಕೊಡಲಿಲ್ಲ. ಸರಿ, ಕದ್ದು ಕೇಳೋಣ ಎಂದರು. ಎಂಎಂಐಓಟ್ರೇಸ್ ಎಂಬ ಬಲೆ ಹೆಣೆದರು. ಎನ್‌ವಿಡಿಯಾದ ಡ್ರೈವರ್ ಚಿಪ್‌ನ ರಿಜಿಸ್ಟರ್ ಮುಟ್ಟಲು ಹೋದಾಗಲೆಲ್ಲ ಆ ಮೆಮೊರಿ ಪುಟ ಇಲ್ಲವೆಂದು ಕರ್ನಲ್ ಅದನ್ನು ತಡೆಯಿತು, ಏನು ಬರೆಯುತ್ತಿದೆ ಎಂದು ಗುರುತು ಹಾಕಿಕೊಂಡಿತು, ಮುಂದೆ ಬಿಟ್ಟಿತು. ಹೀಗೆ ಸಾಲು ಸಾಲು ಕೂಡಿಸಿ, ಅರ್ಥ ಬಿಡಿಸಿ, ಸ್ವಂತ ಡ್ರೈವರ್ ಕಟ್ಟಿದರು. 2010ರ ಫೆಬ್ರುವರಿಯ 2.6.33ರಲ್ಲಿ ಅದು ಕರ್ನಲ್ ಸೇರಿತು. 2012ರ ಜೂನ್‌ನಲ್ಲಿ ಫಿನ್‌ಲ್ಯಾಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯಲ್ಲಿ ಆಪ್ಟಿಮಸ್ ಪ್ರಶ್ನೆ ಎದ್ದಾಗ ಲಿನಸ್ ಟೊರ್ವಾಲ್ಡ್ಸ್ ಕ್ಯಾಮೆರಾದತ್ತ ತಿರುಗಿ ಎನ್‌ವಿಡಿಯಾಗೆ ನಡುಬೆರಳನ್ನೇ ತೋರಿಸಿದರು. ಹತ್ತು ವರ್ಷ ಉರುಳಿದವು. 2022ರ ಮೇ ತಿಂಗಳಲ್ಲಿ ಎನ್‌ವಿಡಿಯಾ ತನ್ನ ಕರ್ನಲ್ ಮಾಡ್ಯೂಲ್‌ಗಳನ್ನು ತೆರೆದಿಟ್ಟಿತು.

ಇಷ್ಟೆಲ್ಲ ಆದಮೇಲೂ ಕತ್ತಲೆ ಬರುತ್ತದೆ. ಈಗ ಲ್ಯಾಪ್‌ಟಾಪ್ ನಿಮ್ಮ ಮುಂದಿದೆ. ಜೋಡಿ ಚಿಪ್‌ನ ಹಳೆಯ ಯಂತ್ರ. ಉಬುಂಟು ಹಾಕಿದಿರಿ, ರೀಬೂಟ್ ಮಾಡಿದಿರಿ. ಫ್ಯಾನ್ ತಿರುಗುತ್ತಿದೆ. ಪರದೆ ಕಪ್ಪು.

ಮೊದಲು ಟಾರ್ಚ್ ಹಿಡಿಯಿರಿ! ಪರದೆಗೆ ಓರೆಯಾಗಿ, ಹತ್ತಿರದಿಂದ ಬೆಳಕು ಬಿಡಿ. ಮಸುಕಾಗಿ ಅಕ್ಷರ ಕಂಡರೆ ಚಿತ್ರ ಬದುಕಿದೆ, ಹಿಂದಿನ ಬ್ಯಾಕ್‌ಲೈಟ್ ಮಾತ್ರ ಆರಿದೆ. ಅದರ ದಾರಿ ಬೇರೆ. ಏನೂ ಕಾಣದಿದ್ದರೆ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಬರೀ ಅಕ್ಷರಗಳ ಲಾಗಿನ್ ಬಂದರೆ ಅರ್ಧ ಗೆದ್ದಿರಿ. ಅದೂ ಬರಲಿಲ್ಲವೇ? ಎಸ್‌ಎಸ್‌ಎಚ್ ಹಾಕಿಟ್ಟಿದ್ದರೆ ಫೋನ್ ಎತ್ತಿಕೊಳ್ಳಿ, ಅದೇ ವೈಫೈಯಿಂದ ಒಳಗಿಳಿಯಿರಿ, ಕಾಣದ ಯಂತ್ರವನ್ನು ಅಂಗೈಯಿಂದ ನಡೆಸಿ.

ಎಲ್ಲ ಹೆಪ್ಪುಗಟ್ಟಿದೆಯೇ? ಪವರ್ ಬಟನ್ ಒತ್ತಿ ಹಿಡಿಯಬೇಡಿ, ಬರೆಯುತ್ತಿದ್ದ ಫೈಲ್ ಮುರಿದೀತು. ಆಲ್ಟ್ ಮತ್ತು ಸಿಸ್‌ಆರ್‌ಕ್ಯೂ ಹಿಡಿದು ಎಸ್ ಒತ್ತಿ: ಡಿಸ್ಕ್‌ಗೆ ಬರೆಯಬೇಕಾದ್ದೆಲ್ಲ ಬರೆಯುತ್ತದೆ. ತುಸು ತಾಳಿ, ಯು: ಡಿಸ್ಕ್ ಓದಲು ಮಾತ್ರ ಎಂದಾಗುತ್ತದೆ. ಇನ್ನೂ ತುಸು ತಾಳಿ, ಬಿ: ಯಂತ್ರ ಥಟ್ಟನೆ ರೀಬೂಟ್ ಆಗುತ್ತದೆ. ಉಬುಂಟು ಮೂಲತಃ ಬಿಟ್ಟುಕೊಡುವ ಕೀಲಿಗಳಲ್ಲಿ ಇವು ಮೂರೂ ಇವೆ, ಮೂರೇ ಸಾಕು.

ತಯಾರಕರ ಲೋಗೋ ಮರೆಯಾಗುವ ಕ್ಷಣ. ಎಸ್ಕೇಪ್ ಒತ್ತಿ. ಒಂದು ಸಲ ಹೆಚ್ಚು ಒತ್ತಿದರೆ ಬೂಟ್ ಮೆನು ತೋರಿಸುವ ಗ್ರಬ್‌ನ ಬರಿಯ ಕಮಾಂಡ್ ಸಾಲಿಗೆ ಬೀಳುತ್ತೀರಿ. ಗಾಬರಿ ಬೇಡ, 'ನಾರ್ಮಲ್' ಎಂದು ಟೈಪಿಸಿ, ಎಂಟರ್ ಒತ್ತಿ, ತಕ್ಷಣ ಮತ್ತೆ ಎಸ್ಕೇಪ್. ಮೆನು ಬಂತು! 'ಇ' ಒತ್ತಿ. 'ಲಿನಕ್ಸ್' ಎಂದು ಶುರುವಾಗುವ ಸಾಲಿನ ತುದಿಗೆ ಓಡಿ. ಒಂದೇ ಪದ ಸೇರಿಸಿ: ನೋಮೋಡ್‌ಸೆಟ್. ಎಫ್10 ಒತ್ತಿ.

ಪರದೆ ಬೆಳಗಿತು. ಡೆಸ್ಕ್‌ಟಾಪ್ ಬಂತು. ಆದರೆ ಇದು ತಾತ್ಕಾಲಿಕ ಬಿಡಾರ. ಆ ಪದ ಕರ್ನಲ್ ಮೋಡ್ ಸೆಟ್ಟಿಂಗನ್ನೇ ಕಟ್ಟಿಹಾಕುತ್ತದೆ, ಫರ್ಮ್‌ವೇರ್ ಬಿಟ್ಟುಹೋದ ಫ್ರೇಮ್‌ಬಫರ್ ಮೇಲೆ ಯಂತ್ರ ತೆವಳುತ್ತದೆ, ರೆಸಲ್ಯೂಷನ್ ಅಲ್ಲಾಡದೆ ಕಲ್ಲಾಗುತ್ತದೆ. ಎಷ್ಟೋ ಮಂದಿ ಈ ಪದವನ್ನು ಗ್ರಬ್ ಫೈಲಿನಲ್ಲಿ ಕಾಯಂ ಬರೆದಿಟ್ಟು ಮರೆತುಬಿಡುತ್ತಾರೆ, ಆಮೇಲೆ ರೆಸಲ್ಯೂಷನ್ ಬದಲಾಗುತ್ತಿಲ್ಲ ಎಂದು ವಾರಗಟ್ಟಲೆ ಅಲೆಯುತ್ತಾರೆ. ಬಿಡಾರ ಕೀಳಲೇಬೇಕು. ಅದಕ್ಕೆ ಮೊದಲು ಡ್ರೈವರ್ ಬೇಕು.

ಎಲ್‌ಎಸ್‌ಪಿಸಿಐ ಕಮಾಂಡನ್ನು 'ಕೆ' ಆಯ್ಕೆಯೊಂದಿಗೆ ಓಡಿಸಿ. ಪ್ರತಿ ಚಿಪ್‌ನ ಕೆಳಗೆ ಬಳಕೆಯಲ್ಲಿರುವ ಡ್ರೈವರ್‌ನ ಹೆಸರು ಬರುತ್ತದೆ. ನೋಮೋಡ್‌ಸೆಟ್ ಇಲ್ಲದ ಬೂಟ್‌ನಲ್ಲಿ ಇಂಟೆಲ್ ಕೆಳಗೆ ಐ915 ಇರಬೇಕು. ಆಗಲೂ ಸಾಲೇ ಇಲ್ಲದಿದ್ದರೆ ಚಿಪ್ ಅನಾಥ. ಸಿಸ್ಟಂ ವಿವರದಲ್ಲಿ 'ಎಲ್‌ಎಲ್‌ವಿಎಂಪೈಪ್' ಎಂದು ಕಂಡರೆ ಚಿತ್ರ ಬಿಡಿಸುತ್ತಿರುವುದು ಪ್ರೊಸೆಸರ್, ಗ್ರಾಫಿಕ್ಸ್ ಚಿಪ್ ಸುಮ್ಮನೆ ಮಲಗಿದೆ. ಎನ್‌ವಿಡಿಯಾ ಡ್ರೈವರ್ ಹಾಕಿ. ಸೆಕ್ಯೂರ್ ಬೂಟ್ ಆನ್ ಇದ್ದರೆ ಪಾಸ್‌ವರ್ಡ್ ಕೇಳುತ್ತದೆ. ಕಾಗದದ ಮೇಲೆ ಬರೆದುಕೊಳ್ಳಿ. ರೀಬೂಟ್.

ನೀಲಿ ಪರದೆ! ಯಾವುದಾದರೂ ಕೀಲಿ ಒತ್ತಿ ಎನ್ನುತ್ತದೆ. ಗಡಿಯಾರ ಇಳಿಯುತ್ತದೆ: 10, 9, 8. ಟೀ ತರಲು ಎದ್ದಿರೋ, ಕೆಟ್ಟಿರಿ. ಎಣಿಕೆ ಮುಗಿದರೆ ಯಂತ್ರ ಸುಮ್ಮನೆ ಮುಂದಕ್ಕೆ ಬೂಟ್ ಆಗುತ್ತದೆ, ಡ್ರೈವರ್‌ನ ಸಹಿಯನ್ನು ಕರ್ನಲ್ ನಂಬುವುದಿಲ್ಲ, ಮಾಡ್ಯೂಲನ್ನು ಬಾಗಿಲಲ್ಲೇ ತಡೆಯುತ್ತದೆ. ಒತ್ತಿ! ಎನ್ರೋಲ್ ಆಯ್ದು, ಪಾಸ್‌ವರ್ಡ್ ಹೊಡೆದು, ಮುಂದೆ ನುಗ್ಗಿ.

ಲ್ಯಾಪ್‌ಟಾಪ್‌ನ ಪರದೆಯನ್ನು ಗೆದ್ದಿರಿ. ಈಗ ಮಗ್ಗುಲಲ್ಲಿ 18.5 ಇಂಚಿನ ಮಾನಿಟರ್, ವಿಜಿಎ ಕೇಬಲ್. ಅಳತೆ 1366×768. ಜೋಡಿಸಿದಿರಿ. ಬಂದದ್ದು, ಮತ್ತದೇ 1024×768.

ಪ್ರತಿ ಮಾನಿಟರ್‌ಗೂ ಒಂದು ಜಾತಕವಿದೆ. ಹೆಸರು ಇಡಿಐಡಿ. ಮೂಲ ತುಂಡು 128 ಬೈಟ್. ಮೊದಲ ಎಂಟು ಬೈಟ್ ಎಲ್ಲಕ್ಕೂ ಒಂದೇ: 00, ಆರು ಸಲ ಎಫ್‌ಎಫ್, ಮತ್ತೆ 00. ಕೊನೆಯ ಬೈಟ್ ತಾಳೆಗೆ; 128ನ್ನೂ ಕೂಡಿದರೆ ಮೊತ್ತ 256ರಿಂದ ನಿಶ್ಶೇಷವಾಗಿ ಭಾಗವಾಗಬೇಕು. ವಿಜಿಎ ಕೇಬಲ್‌ನ 15 ಪಿನ್‌ಗಳಲ್ಲಿ ಈ ಮಾಹಿತಿ ಹರಿಯುವುದು 12 ಮತ್ತು 15ರಲ್ಲಿ. ಒಂದು ಪಿನ್ ಬಾಗಿದರೂ ಸಾಕು. ಬಣ್ಣ ಬರುತ್ತದೆ, ಚಿತ್ರ ಬರುತ್ತದೆ, ಜಾತಕ ಬರುವುದಿಲ್ಲ. ಆಗ ಕರ್ನಲ್ ಅಪಾಯವಿಲ್ಲದ ಎತ್ತರಕ್ಕೆ ನಿಲ್ಲುತ್ತದೆ: 1024×768, ಅದರ ಮೇಲೆ ಒಂದು ಮೆಟ್ಟಿಲೂ ಹತ್ತದು. ಕೇಬಲ್ ಕಳಚಿ, ಪಿನ್ ನೋಡಿ, ಬೇರೆ ಕೇಬಲ್ ಹಾಕಿ. ಬೇರೆ ಕೇಬಲ್ ಇಲ್ಲ, ರಾತ್ರಿ ಹನ್ನೆರಡು, ಅಂಗಡಿ ಮುಚ್ಚಿದೆ.

ಹಾಗಾದರೆ ಅಳತೆಯನ್ನು ನೀವೇ ಬರೆಯಬೇಕು. ನಿಮ್ಮ ಉಬುಂಟುವಿನಲ್ಲಿ ಎಕ್ಸ್‌ಆರ್ಗ್ ಸೆಷನ್ ಇದ್ದರೆ ಅದಕ್ಕೆ ಬನ್ನಿ, ಸಿವಿಟಿ ಕಮಾಂಡ್‌ಗೆ 1366, 768 ಕೊಡಿ. ಉತ್ತರ ಬರುತ್ತದೆ: 1368×768! ಎರಡು ಪಿಕ್ಸೆಲ್ ಎಲ್ಲಿಂದ ಬಂತು? ಆ ಸೂತ್ರ ಅಗಲವನ್ನು ಎಂಟೆಂಟು ಪಿಕ್ಸೆಲ್‌ಗಳ ಕಂತಿನಲ್ಲಿ ಎಣಿಸುತ್ತದೆ. 170 ಕಂತು 1360, 171 ಕಂತು 1368. ನಡುವೆ 1366ಕ್ಕೆ ಕಾಲಿಡಲು ಜಾಗವಿಲ್ಲ. ಲೋಕದ ತುಂಬ ಮಾರಾಟವಾದ ಅಳತೆ ಸೂತ್ರದೊಳಗೆ ಕೂರುವುದೇ ಇಲ್ಲ! ಕರ್ನಲ್‌ನೊಳಗೂ ಇದಕ್ಕೆಂದೇ ಒಂದು ಪುಟ್ಟ ಫಂಕ್ಷನ್ ಇದೆ. ಜಾತಕ ಓದುವಾಗ 1368 ಕಂಡರೆ ಎರಡು ಪಿಕ್ಸೆಲ್ ಕತ್ತರಿಸಿ 1366 ಮಾಡುತ್ತದೆ. ಆದರೆ ಜಾತಕವೇ ಇಲ್ಲದ ಇಲ್ಲಿ ಅದು ನೆರವಿಗೆ ಬರದು.

ವೇಸಾ ಸಂಸ್ಥೆಯ ಅಧಿಕೃತ ಅಂಕಿಗಳೇ ಕೊನೆಯ ಆಯುಧ. ಪಿಕ್ಸೆಲ್ ಗಡಿಯಾರ 85.5 ಮೆಗಾಹರ್ಟ್ಸ್. ಅಡ್ಡಕ್ಕೆ 1366, 1436, 1579, 1792. ಉದ್ದಕ್ಕೆ 768, 771, 774, 798. ಎರಡೂ ಸಿಂಕ್ ಧನಾತ್ಮಕ. ಕಾಣುವುದು 1366, ಆದರೆ ಸಾಲೊಂದು ಮುಗಿಯಲು 1792 ಹೆಜ್ಜೆ. ಕಾಣುವುದು 768 ಸಾಲು, ಎಣಿಸುವುದು 798. ಗುಣಿಸಿ: 14,30,016. ಗಡಿಯಾರವನ್ನು ಅದರಿಂದ ಭಾಗಿಸಿ: ಸೆಕೆಂಡಿಗೆ 59.79 ಚಿತ್ರ. ಸರಿಹೋಯಿತು!

ಒಂದು ಅಂಕಿ ತಪ್ಪಿದರೂ ಮಾನಿಟರ್ 'ಔಟ್ ಆಫ್ ರೇಂಜ್' ಎಂದು ಕಪ್ಪಾಗಬಹುದು. ಹಿಂದಿರುಗಲು ಹಗ್ಗ ಕಟ್ಟಿಯೇ ಇಳಿಯಿರಿ. ಎಕ್ಸ್‌ರ್ಯಾಂಡ್‌ಆರ್ ಎಂಬ ಕಮಾಂಡ್‌ನಲ್ಲಿ ನ್ಯೂಮೋಡ್, ಆಡ್‌ಮೋಡ್ ಮುಗಿಸಿ. ಹೊಸ ಅಳತೆ ಹಚ್ಚುವ ಕಮಾಂಡ್‌ನ ಕೊನೆಗೆ ಅರ್ಧವಿರಾಮ ಹಾಕಿ, 'ಸ್ಲೀಪ್ 15' ಬರೆದು, ಮತ್ತೆ ಅರ್ಧವಿರಾಮ ಹಾಕಿ, ಹಳೆಯ 1024×768ಕ್ಕೆ ಮರಳುವ ಕಮಾಂಡನ್ನೂ ಅದೇ ಸಾಲಿಗೆ ಸೇರಿಸಿ. ಕಪ್ಪಾದರೂ 15 ಸೆಕೆಂಡಿಗೆ ಪರದೆ ವಾಪಸ್. ಎಂಟರ್!

ಮಾನಿಟರ್ ಮಿಟುಕಿತು. ಕಪ್ಪಾಯಿತು. ಎರಡು ಸೆಕೆಂಡ್. ಮೂರು. ಬಂತು! ಒತ್ತಕ್ಷರದ ಬುಡ ಚೂರಿಯಂತೆ ಹರಿತ. ಎಕ್ಸ್‌ರ್ಯಾಂಡ್‌ಆರ್ ಪಟ್ಟಿಯಲ್ಲಿ 1366×768ರ ಸಾಲಿಗೆ ನಕ್ಷತ್ರ ಚಿಹ್ನೆ. ಹದಿನೈದಾಯಿತು, ಪರದೆ ಹಿಂದಕ್ಕೆ ಜಾರಿತು. ಈ ಸಲ ಹಗ್ಗ ಬಿಚ್ಚಿ, ಅದೇ ಕಮಾಂಡನ್ನು ಒಂಟಿಯಾಗಿ ಓಡಿಸಿ. ಆಮೇಲೆ ಆ ಮೂರು ಸಾಲನ್ನೂ ಲಾಗಿನ್ ಆದಾಗ ಓಡುವ ಸ್ಕ್ರಿಪ್ಟ್‌ಗೆ ಹಾಕಿ, ಇಲ್ಲದಿದ್ದರೆ ರೀಬೂಟ್‌ಗೆ ಎಲ್ಲ ಹೋಗುತ್ತದೆ.

ಮೂಲೆಯಲ್ಲಿ ಅಪ್‌ಡೇಟ್ ಸೂಚನೆ ಬಂದಿದೆ. ಹೊಸ ಕರ್ನಲ್. ಎನ್‌ವಿಡಿಯಾ ಡ್ರೈವರ್ ಡಿಕೆಎಂಎಸ್ ಮೂಲಕ ಬಂದಿದ್ದರೆ ಹೊಸ ಕರ್ನಲ್‌ಗೆ ಅದು ಮತ್ತೆ ಕಂಪೈಲ್ ಆಗಬೇಕು. ಹೆಡರ್ ಪ್ಯಾಕೇಜ್ ಇಲ್ಲದಿದ್ದರೆ ಆಗುವುದಿಲ್ಲ. ರೀಬೂಟ್ ಒತ್ತುವ ಮುಂಚೆ ಡಿಕೆಎಂಎಸ್ ಸ್ಟೇಟಸ್ ನೋಡಿ. ಹೊಸ ಕರ್ನಲ್‌ನ ಸಂಖ್ಯೆಯ ಮುಂದೆ 'ಇನ್‌ಸ್ಟಾಲ್ಡ್' ಎಂದಿದ್ದರೆ ಹೊರಡಿ. ಇಲ್ಲದಿದ್ದರೆ ಗ್ರಬ್‌ನ ಅಡ್ವಾನ್ಸ್ಡ್ ಮೆನುವಿನಲ್ಲಿ ಹಳೆಯ ಕರ್ನಲ್ ಇನ್ನೂ ಇದೆ. ಅದನ್ನು ಅಳಿಸಬೇಡಿ.