ಶಿರಸಿ ಸೀಮೆಯ ಹನ್ನೆರಡು ತಿಂಗಳ ಪಾಠ

ಹುಬ್ಬಳ್ಳಿಯ ಬಯಲನ್ನು ಹಿಂದಿಕ್ಕಿ ಶಿರಸಿಯತ್ತ ಸಾಗುವ ಪ್ರವಾಸಿಕನಿಗೆ, ಊರು ಸಮೀಪಿಸಿದಂತೆಲ್ಲ ಲೋಕವೇ ಹಸುರಾದಂತೆ ಭಾಸವಾಗುತ್ತದೆ. ಗುಡ್ಡಗಳ ನಡುವಣ ಕಣಿವೆಗಳಲ್ಲಿ ಅಡಿಕೆಯ ಮರಗಳು ಸಾಲಾಗಿ ನಿಂತಿವೆ; ಅವುಗಳ ಮೈಗೆ ಮೆಣಸಿನ ಬಳ್ಳಿ ಹಬ್ಬಿದೆ; ನೆರಳಿನಲ್ಲಿ ಬಾಳೆಯೂ ಏಲಕ್ಕಿಯೂ ಬೆಳೆದಿವೆ. ನೋಡಿದೊಡನೆ, ‘ಇಲ್ಲಿಯೇ ಒಂದು ತುಂಡು ನೆಲ ಕೊಂಡು ನೆಲಸಿಬಿಡೋಣ’ ಎಂದು ಪಟ್ಟಣಿಗನ ಮನಸ್ಸು ಹಂಬಲಿಸಿದರೆ ಆಶ್ಚರ್ಯವಿಲ್ಲ.

ಕೃಷಿಕರಲ್ಲದವರೂ ಕರ್ನಾಟಕದಲ್ಲಿ ಸಾಗುವಳಿಯ ಭೂಮಿಯನ್ನು ಕೊಳ್ಳಲು 2020ರ ಕಾಯಿದೆಯ ತಿದ್ದುಪಡಿ ದಾರಿ ಮಾಡಿತು. ಆದರೆ ಹಣ ತೆತ್ತು ತೋಟವನ್ನು ಕೊಳ್ಳಬಹುದು. ಕೆಲಸ ಬಲ್ಲ ಕೈಗಳನ್ನು ಕೊಳ್ಳುವುದೆಂತು? ಅವನ್ನು ಪಡೆಯಬೇಕಾದರೆ, ಒಂದು ವರ್ಷ ಬೇರೆಯವರ ತೋಟದಲ್ಲಿ ಋತುಮಾನಕ್ಕೆ ತಕ್ಕ ಕೂಲಿಗೆ ನಿಲ್ಲುವುದಕ್ಕಿಂತ ಉತ್ತಮ ಶಾಲೆ ಮತ್ತೊಂದಿಲ್ಲ.

ಈ ಶಾಲೆ ಮುಂಗಾರಿನೊಡನೆ ತೆರೆಯುತ್ತದೆ. ಮಳೆಗಾಲದಲ್ಲಿ ಅಡಿಕೆಗೆ ಎರಗುವ ಕೊಳೆರೋಗ ಇಡೀ ವರ್ಷದ ಫಸಲನ್ನು ನೆಲಕ್ಕೆ ಉದುರಿಸಬಲ್ಲುದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಕುರಿತು 1910ರಲ್ಲಿ ವಿಸ್ತಾರವಾದ ವರದಿಯನ್ನು ಪ್ರಕಟಿಸಿದರು. ಇಂದಿಗೂ ಬೋರ್ಡೋ ದ್ರಾವಣವೇ ಬೆಳೆಗಾರನ ಮುಖ್ಯ ರಕ್ಷೆ. 1 ಕಿಲೋ ಮೈಲುತುತ್ತವನ್ನು 50 ಲೀಟರು ನೀರಿನಲ್ಲಿ, 1 ಕಿಲೋ ಸುಣ್ಣವನ್ನು ಮತ್ತೆ 50 ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ ಬಳಿಕ ಕೂಡಿಸಬೇಕು. ಥಳಥಳಿಸುವ ಚಾಕುವನ್ನು ಅದರಲ್ಲಿ ಅದ್ದಿದಾಗ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದೆಂದು ಅರ್ಥ. ಮಳೆ ಹಿಡಿಯುವ ಹೊತ್ತಿಗೆ ಮೊದಲ ಸಿಂಪರಣೆ. ಸುಮಾರು 40–45 ದಿನಗಳ ಮೇಲೆ ಎರಡನೆಯದು. ಇದರಲ್ಲಿ ತಡಮಾಡಿದವನಿಗೆ ಕೊಯ್ಲಿನ ಕಾಲಕ್ಕೆ ಪಶ್ಚಾತ್ತಾಪವೇ ಗತಿ.

ದೀಪಾವಳಿಯ ಆಸುಪಾಸಿನಲ್ಲಿ ಕೊನೆಕೊಯ್ಲು ಮೊದಲಾಗುತ್ತದೆ. ನಲವತ್ತು ಐವತ್ತು ಅಡಿ ಎತ್ತರದಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ತೂಗಿ ದಾಟುವ ಕೊನೆಗಾರನ ವಿದ್ಯೆ ಒಂದು ವರ್ಷದಲ್ಲಿ ಕೈಗೂಡುವಂಥದಲ್ಲ. ಹೊಸಬನು ಅದಕ್ಕೆ ಕೈಹಾಕದಿರುವುದೇ ವಿವೇಕ. ಮರ ಹತ್ತುವವರು ವಿರಳರಾಗಿರುವುದರಿಂದ, ನೆಲದ ಮೇಲೆ ನಿಂತೇ ಕೊಯ್ಯುವ ಉದ್ದನೆಯ ಹಗುರ ದೋಟಿಗಳು ಇತ್ತೀಚೆಗೆ ಬಳಕೆಗೆ ಬಂದಿವೆ. ಹೊಸಬನಿಗೆ ತಕ್ಕ ಸ್ಥಳವೆಂದರೆ ಅಂಗಳ. ಅಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುವವರ ಕೈವೇಗವನ್ನು ಕಂಡು ಅವನು ಮೊದಲು ನಾಚುತ್ತಾನೆ, ಅನಂತರ ಕಲಿಯುತ್ತಾನೆ. ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸುವಾಗ, ಕಾಯಿಯ ಮೊಳಕೆಯ ಭಾಗ ಕಳಚಿ ಬಿದ್ದರೆ ಹದವಾಯಿತೆಂದು ತಿಳಿಯಬೇಕು. ಬೇಯಿಸಿ ಉಳಿದ ಚೊಗರನ್ನೂ ಯಾರೂ ಚೆಲ್ಲುವುದಿಲ್ಲ. ಅಡಿಕೆಗೆ ಬಣ್ಣ ಕೊಡುವುದು ಅದೇ.

ಚಳಿ ಇಳಿಯುವ ಹೊತ್ತಿಗೆ ಆಲೆಮನೆಯ ಹೊಗೆ ಏಳುತ್ತದೆ. ಹಿಂದೆ ಕೋಣಗಳು ತಿರುಗಿಸುತ್ತಿದ್ದ ಗಾಣವನ್ನು ಇಂದು ಬಹುಕಡೆ ಯಂತ್ರ ತಿರುಗಿಸುತ್ತದೆ. ಆದರೆ ಕೊಪ್ಪರಿಗೆಯ ಪಕ್ಕದಲ್ಲಿ ನಿಂತು ನೊರೆ ತೆಗೆಯುವ, ಪಾಕದ ಹದವನ್ನು ಕಣ್ಣಿನಿಂದಲೇ ಅಳೆಯುವ ಕೆಲಸ ಮನುಷ್ಯನದೇ. ತುಸು ಮೊದಲೇ ಇಳಿಸಿದರೆ ಜೋನಿಬೆಲ್ಲ, ಇನ್ನಷ್ಟು ಕಾಯಿಸಿದರೆ ಅಚ್ಚುಬೆಲ್ಲ, ಅದಕ್ಕೂ ಮೀರಿದರೆ ಸೀದ ವಾಸನೆ!

ಬೇಸಿಗೆಯ ಪಾಠ ಮನೆಯನ್ನು ಕುರಿತದ್ದು. ಮಾಡಿನ ಹಂಚುಗಳಿಗೆ ಕೈಯಾಡಿಸಬೇಕು, ಒಡೆದವನ್ನು ಬದಲಿಸಬೇಕು. ಇರಚಲು ತಡೆಯಲು ಸೋಗೆಯ ತಟ್ಟಿ ಕಟ್ಟಬೇಕು. ಸೌದೆ ಒಡೆದು ಕೊಟ್ಟಿಗೆಯಲ್ಲಿ ಒಟ್ಟಬೇಕು. ಬೆಟ್ಟದ ಸೊಪ್ಪನ್ನೂ ದರಕನ್ನೂ ತಂದು ಗೊಬ್ಬರಕ್ಕೆ ಹಾಕಬೇಕು. ಕಾಲುವೆಗಳ ಹೂಳೆತ್ತದಿದ್ದರೆ ಮೊದಲ ದೊಡ್ಡ ಮಳೆಗೇ ತೋಟದಲ್ಲಿ ನೀರು ನಿಲ್ಲುತ್ತದೆ. ನೀರು ನಿಂತ ಬೇರು ಬದುಕುವುದಿಲ್ಲ.

ಮಾರಾಟದ ಪಾಠಕ್ಕೆ ಶಿರಸಿಯ ಪೇಟೆಯಿದೆ. 1923ರಲ್ಲಿ ಬೆಳೆಗಾರರೇ ಕಟ್ಟಿಕೊಂಡ ತೋಟಗಾರರ ಸಹಕಾರಿ ಸಂಘ ಇಂದಿಗೂ ಅವರ ಆಸರೆಯಾಗಿದೆ. ಒಬ್ಬನಿಂದಾಗದ್ದು ಹಲವರಿಂದಾದೀತೆಂಬುದನ್ನು ಅಲ್ಲಿ ಕಾಣಬಹುದು.

ಹನ್ನೆರಡು ತಿಂಗಳು ಕಳೆದ ಮೇಲೆ ಕೆಲವರು ಸಾಕೆಂದು ಪಟ್ಟಣಕ್ಕೆ ಮರಳಿಯಾರು. ಅವರಿಗೆ ಸೋಲಾಯಿತೆನ್ನುವಂತಿಲ್ಲ, ಕೂಡಿಟ್ಟ ಗಂಟನ್ನು ಅವರು ಉಳಿಸಿಕೊಂಡರು. ನಿಂತವರಿಗಾದರೋ, ಮರುವರ್ಷ ಮುಗಿಲು ಕಪ್ಪಾದಾಗ ಏನು ಮಾಡಬೇಕೆಂದು ಇನ್ನೊಬ್ಬರನ್ನು ಕೇಳಬೇಕಾಗುವುದಿಲ್ಲ. ನೆಲವನ್ನು ಕೊಳ್ಳುವ ಮುನ್ನ ಕೈಯನ್ನು ಪಳಗಿಸಿಕೊಳ್ಳುವುದೇ ಲೇಸು.